ಮೇಡಂ ಬಾರದ ಕಾದಂಬರಿ

ಚನ್ನಗಿರಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಕಲಿಸುತ್ತೇನೆ. ಹದಿಹರೆಯದ ಓದುಗರಿಗಾಗಿ ಬರೆದ ನನ್ನ ಮೊದಲ ಕಾದಂಬರಿ ಮುಗಿಯಲು ಮೂರು ವರ್ಷ ಹಿಡಿಯಿತು. ಅದರಲ್ಲಿ ಎರಡು ವರ್ಷ ಕಳೆದದ್ದು ಒಂದೇ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ. ಅದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ.

ಅಡಿಕೆ ಕೊಯ್ಲು ಶುರುವಾಯಿತೆಂದರೆ ನಮ್ಮ ಕಡೆಯ ತರಗತಿಗಳು ಬೇರೆಯೇ ಆಗುತ್ತವೆ. ಸುಲಿಯುವ ಯಂತ್ರಗಳು ಬಂದಿದ್ದರೂ ಎಷ್ಟೋ ಮನೆಗಳಲ್ಲಿ ಹೆಂಗಸರೂ ಮಕ್ಕಳೂ ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿ ಬಹಳ ಹೊತ್ತಿನವರೆಗೆ ಅಡಿಕೆ ಸುಲಿಯುತ್ತಾರೆ. ಸುಲಿದಷ್ಟಕ್ಕೆ ಕೂಲಿ. ಬೆಳಿಗ್ಗೆ ಮೊದಲ ಪೀರಿಯಡ್ಡಿಗೆ ಕಣ್ಣು ಎಳೆಯುತ್ತಿರುತ್ತವೆ. ಹಸಿ ಅಡಿಕೆಯ ಚೊಗರು ಬೆರಳ ಸಂದಿಗೆ, ಉಗುರಿನ ಬುಡಕ್ಕೆ ಇಳಿದರೆ ಸೋಪಿಗೆ ಬಗ್ಗುವುದಿಲ್ಲ. ನಿಂಬೆಹಣ್ಣು ತಿಕ್ಕಿದರೂ ಕಂದು ಕಲೆ ಪೂರ್ತಿ ಹೋಗುವುದಿಲ್ಲ. ಒಂದು ದಿನ ನಿಬಂಧದ ಪುಸ್ತಕ ಕೊಡಲು ಬಂದ ಹುಡುಗಿಯೊಬ್ಬಳು ಬೆರಳುಗಳನ್ನು ಮಡಚಿ, ಪುಸ್ತಕವನ್ನು ಎರಡು ಅಂಗೈಗಳ ನಡುವೆ ಹಿಡಿದು ನನ್ನ ಮುಂದೆ ಚಾಚಿದಳು. ಆ ಮಡಚಿದ ಬೆರಳುಗಳಿಂದ ನನ್ನ ಕಾದಂಬರಿ ಹುಟ್ಟಿತು.

ಈ ವಯಸ್ಸಿನವರಿಗೆ ಕೊಡಲು ನನ್ನ ಬಳಿ ಪುಸ್ತಕಗಳೂ ಇರಲಿಲ್ಲ. 2020ರಲ್ಲಿ ‘ಓದುವ ಬೆಳಕು’ ಎಂಬ ಸರ್ಕಾರಿ ಕಾರ್ಯಕ್ರಮ ಆರಂಭವಾದಾಗ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ನಾನೂ ನಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿ ಒಂದು ಕಡೆ ಮೊಲ, ನರಿ, ರಾಜಕುಮಾರರ ಚಿತ್ರಪುಸ್ತಕಗಳಿದ್ದವು, ಇನ್ನೊಂದು ಕಡೆ ದೊಡ್ಡವರ ಕಾದಂಬರಿಗಳೂ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳೂ ಇದ್ದವು. ಹದಿನೈದರ ಹುಡುಗಿ ಎರಡರ ನಡುವೆ ನಿಂತು, ಕೊನೆಗೆ ಸಾಮಾನ್ಯ ಜ್ಞಾನದ ಪುಸ್ತಕ ತೆಗೆದುಕೊಂಡು ಹೊರಟಳು.

ಮೊದಲ ಕರಡಿನಲ್ಲಿ ನಾನು ಎಲ್ಲವನ್ನೂ ತುಂಬಿದ್ದೆ. ಬಾಲ್ಯವಿವಾಹ, ತಂದೆಯ ಕುಡಿತ, ಮೊಬೈಲಿನಲ್ಲಿ ಹರಿದಾಡಿದ ಫೋಟೊ, ಮುಟ್ಟಿನ ಕಟ್ಟುಪಾಡು, ಹತ್ತನೇ ತರಗತಿಯ ನಪಾಸು, ಇವೆಲ್ಲವೂ ಕಥಾನಾಯಕಿ ಸಿಂಚನ ಒಬ್ಬಳ ತಲೆಯ ಮೇಲೆಯೇ ಬಿದ್ದಿದ್ದವು. ಮಕ್ಕಳ ಕಷ್ಟಗಳು ಎಷ್ಟಿವೆಯೋ ಅಷ್ಟನ್ನೂ ಹೇಳದಿದ್ದರೆ ಅನ್ಯಾಯವಾದೀತು ಎಂಬ ಭಾವನೆ ನನ್ನದಾಗಿತ್ತು. ಓದಿ ನೋಡಿದಾಗ ಹುಡುಗಿ ಕಾಣಲಿಲ್ಲ, ಸಮಸ್ಯೆಗಳ ಪಟ್ಟಿ ಮಾತ್ರ ಕಂಡಿತು. ಮದುವೆ ಮತ್ತು ಓದು ಎಂಬ ಎರಡನ್ನು ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ತೆಗೆದೆ. ಮುಟ್ಟಿನ ಕಟ್ಟುಪಾಡನ್ನು ಬಿಟ್ಟದ್ದು ಈಗಲೂ ನೋವಿನ ಸಂಗತಿ. ಚಿತ್ರದುರ್ಗದ ಹಟ್ಟಿಗಳ ಹೆಣ್ಣುಮಕ್ಕಳ ಆ ಕತೆಯನ್ನು ಅಲ್ಲಿಯೇ ಬೆಳೆದವರು ಬರೆಯಬೇಕು ಎಂಬುದು ನನ್ನ ನಿಲುವು.

ಎರಡನೇ ಕರಡನ್ನು ಶನಿವಾರಗಳಂದು ಶಾಲೆ ಬಿಟ್ಟ ಮೇಲೆ, ಉಳಿಯಲು ಇಷ್ಟವಿದ್ದ ಮಕ್ಕಳಿಗೆ ಓದಿ ಹೇಳಿದೆ. ಕತೆ ಹೀಗಿತ್ತು: ಸಿಂಚನಳ ಅಕ್ಕನ ಮದುವೆ ನಿಶ್ಚಯವಾಗಿದೆ. ಒಂದೇ ಚಪ್ಪರದಲ್ಲಿ ಇಬ್ಬರದೂ ಆಗಿಬಿಟ್ಟರೆ ಖರ್ಚು ಉಳಿಯುತ್ತದೆ ಎಂದು ಹಿರಿಯರು ಮಾತಾಡಿಕೊಂಡು, ಹತ್ತನೇ ತರಗತಿಯ ಹುಡುಗಿಗೂ ಗಂಡು ನೋಡುತ್ತಾರೆ. ವಿಷಯ ತಿಳಿದ ಕನ್ನಡದ ಮೇಡಂ ಮನೆಗೆ ಬಂದು, ಕಾನೂನು ತಿಳಿಸಿ, ತಂದೆಯ ಮನಸ್ಸು ಕರಗಿಸಿ, ಮದುವೆ ನಿಲ್ಲಿಸುತ್ತಾರೆ. ಓದಿ ಮುಗಿಸಿದಾಗ ಕೆಲವರ ಕಣ್ಣು ಒದ್ದೆಯಾಗಿದ್ದವು. ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು: “ಮಿಸ್, ಆ ಮೇಡಂ ಬರ್ಲಿಲ್ಲ ಅಂದ್ರೆ?”

ನಾನು ಉತ್ತರಿಸಲಿಲ್ಲ. ಅದಕ್ಕೆ ಎರಡು ವರ್ಷ ಹಿಂದೆ ನಮ್ಮ ಶಾಲೆಯ ಹುಡುಗಿಯೊಬ್ಬಳು ದಸರಾ ರಜೆ ಮುಗಿದ ಮೇಲೆ ತರಗತಿಗೆ ಬರಲೇ ಇಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ದಿನವೂ ಗೈರು ಎಂದು ಗುರುತು ಹಾಕುತ್ತ ಹೋದವಳು ನಾನೇ. ಅವಳ ಊರು ತಲುಪುವ ಹೊತ್ತಿಗೆ ಮದುವೆಯಾಗಿ ಹದಿನೈದು ದಿನ ಕಳೆದಿತ್ತು. ವಾಸ್ತವದಲ್ಲಿ ತಡವಾಗಿ ಹೋದ ಮೇಡಂ ಕಾದಂಬರಿಯಲ್ಲಿ ಮಾತ್ರ ಸರಿಯಾದ ಹೊತ್ತಿಗೆ ಬಂದಿದ್ದಳು. ಆ ಕರಡು ಮಕ್ಕಳಿಗಿಂತ ಹೆಚ್ಚಾಗಿ ನನ್ನ ಮನಸ್ಸಿನ ಸಮಾಧಾನಕ್ಕೆ ಬರೆದದ್ದು ಎಂದು ಅಂದು ತಿಳಿಯಿತು. ಮೇಡಂ ಪಾತ್ರವನ್ನು ಪೂರ್ತಿಯಾಗಿ ತೆಗೆದುಹಾಕಿದೆ.

ತೆಗೆದ ಮೇಲೆ ನಿಜವಾದ ಕೆಲಸ ಶುರುವಾಯಿತು. ಹದಿನೈದು ವರ್ಷದ ಹುಡುಗಿ, ತನ್ನ ಮನೆಯೊಳಗೆ ಇದ್ದುಕೊಂಡೇ, ಏನು ಮಾಡಬಲ್ಲಳು? ಮಕ್ಕಳ ಸಹಾಯವಾಣಿ 1098 ಉಚಿತ, ಹಗಲೂ ರಾತ್ರಿಯೂ ತೆರೆದಿರುತ್ತದೆ ಎಂದು ಶಾಲೆಯ ಗೋಡೆಯ ಮೇಲೆ ಬರೆದಿದೆ. ಆದರೆ ಯಾವ ಫೋನಿನಿಂದ? ಮನೆಯಲ್ಲಿರುವ ಸ್ಮಾರ್ಟ್‌ಫೋನು ಅಣ್ಣನದು, ಅದಕ್ಕೆ ಲಾಕ್ ಇದೆ. ಅಪ್ಪನ ಫೋನು ಅಪ್ಪನ ಜೇಬಿನಲ್ಲಿರುತ್ತದೆ. ಈ ಪ್ರಶ್ನೆಯನ್ನು ಶನಿವಾರದ ಗುಂಪಿನ ಮುಂದಿಟ್ಟಾಗ ಅವರು ಚರ್ಚಿಸಿ ಅಜ್ಜಿಯ ಕೀಪ್ಯಾಡ್ ಫೋನನ್ನು ಕಂಡುಹಿಡಿದರು. ಅಜ್ಜಿಗೆ ಓದು ಬಾರದು, ಫೋನು ಯಾವಾಗಲೂ ದೇವರ ಗೂಡಿನ ಪಕ್ಕದಲ್ಲಿರುತ್ತದೆ, ಎಲ್ಲರೂ ಅಡಿಕೆ ಸುಲಿಯಲು ಅಂಗಳದಲ್ಲಿ ಕುಳಿತಾಗ ಒಳಗೆ ಯಾರೂ ಇರುವುದಿಲ್ಲ. “ನೀರು ಕುಡಿದು ಬರ್ತೀನಿ ಅಂತ ಎದ್ದು ಹೋಗ್ಲಿ ಮಿಸ್” ಎಂದರು. ಆ ಐದು ನಿಮಿಷದ ಅಧ್ಯಾಯ ಕಾದಂಬರಿಯಲ್ಲಿ ಹನ್ನೊಂದು ಪುಟವಾಯಿತು. ಫೋನಿನಲ್ಲಿ ಅವಳು ಏನು ಹೇಳಬೇಕು ಎಂಬುದನ್ನು ನಾನು ಬಹಳ ಎಚ್ಚರದಿಂದ ಬರೆದೆ: ಹೆಸರು, ವಯಸ್ಸು, ಊರು, ಮದುವೆಯ ದಿನ, ಮದುವೆ ನಡೆಯುವ ಜಾಗ. ಓದುವ ಹುಡುಗಿಗೆ ಈ ಮಾತುಗಳು ನಾಳೆ ಬೇಕಾಗಬಹುದು ಎಂಬುದು ಬರೆಯುವಾಗ ನನ್ನ ಮನಸ್ಸಿನಲ್ಲಿತ್ತು.

ಕಾನೂನಿನ ಭಾಗಕ್ಕಾಗಿ ಮಕ್ಕಳ ರಕ್ಷಣೆಯ ಕೆಲಸದಲ್ಲಿರುವವರ ಜೊತೆ ಹಲವು ಸಲ ಕುಳಿತೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ “ತಾಳಿ ಬಿದ್ಮೇಲೆ ಯಾರು ಏನು ಮಾಡ್ತಾರೆ?” ಎಂಬ ಮಾತು ಊರಲ್ಲಿ ಇನ್ನೂ ಓಡಾಡುತ್ತದೆ. ಕರ್ನಾಟಕವು 2016ರಲ್ಲಿ ತಂದ ತಿದ್ದುಪಡಿಯಿಂದಾಗಿ ನಮ್ಮ ರಾಜ್ಯದಲ್ಲಿ ಅಂಥ ಮದುವೆ ಆರಂಭದಿಂದಲೇ ಅಸಿಂಧು. ಈ ಮಾತನ್ನು ಅಧಿಕಾರಿಯ ಬಾಯಲ್ಲಿ ಹಾಕಿದರೆ ಭಾಷಣವಾಗುತ್ತಿತ್ತು. ಆದ್ದರಿಂದ ಸೋದರಮಾವ ಆ ತಾಳಿಯ ಮಾತನ್ನು ಆಡುವಂತೆ ಮಾಡಿ, ಮದುವೆ ವಿಷಯದಲ್ಲಿ ಕೋರ್ಟು ಅಲೆದಿದ್ದ ಪಕ್ಕದ ಮನೆಯ ಹೆಂಗಸು ಅದನ್ನು ಅಲ್ಲಗಳೆಯುವಂತೆ ಬರೆದೆ. ವಯಸ್ಸಿನ ಪುರಾವೆಯ ಸಂಗತಿಯೂ ಹಾಗೆಯೇ ಕತೆಯೊಳಗೆ ಬಂತು. ಮೊದಲು ನೋಡುವುದು ಶಾಲೆಯ ದಾಖಲೆ. ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ. ಎರಡೂ ಇಲ್ಲದಾಗ ಮಾತ್ರ ವೈದ್ಯಕೀಯ ಪರೀಕ್ಷೆ. ‘ಹುಡುಗಿಗೆ ಹತ್ತೊಂಬತ್ತು’ ಎಂದು ಮನೆಯವರು ವಾದಿಸುವಾಗ ಸಿಂಚನ ತನ್ನ ಜನ್ಮದಿನಾಂಕವನ್ನು ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇರುವಂತೆಯೇ ಹೇಳುತ್ತಾಳೆ.

ಅಧಿಕಾರಿಗಳು ಬರುತ್ತಾರೆ, ತಂದೆ ತಾಯಿ ಮುಚ್ಚಳಿಕೆ ಬರೆದುಕೊಡುತ್ತಾರೆ. ಸಾಮಾನ್ಯವಾಗಿ ಇಂಥ ಕತೆಗಳು ಇಲ್ಲಿಗೆ ಮುಗಿಯುತ್ತವೆ, ನನ್ನ ಕಾದಂಬರಿಯ ಅರ್ಧ ಭಾಗ ಇಲ್ಲಿಂದ ಶುರುವಾಗುತ್ತದೆ. ಜೀಪು ಹೋದ ಮೇಲೆ ಆ ಮನೆಯಲ್ಲಿ ರಾತ್ರಿ ಊಟ ಬಡಿಸುವವರು ಯಾರು? ದೂರದ ಯಾವುದೋ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಗುಟ್ಟಾಗಿ ಮುಗಿಸಿಬಿಟ್ಟಾರು ಎಂಬ ಭಯ ಹುಡುಗಿಗೆ ಎಷ್ಟು ದಿನ ಇರುತ್ತದೆ? ಫೋನು ಮಾಡಿದ್ದು ಯಾರೆಂದು ಮನೆಯವರು ಊಹಿಸಿದಾಗ ಏನಾಗುತ್ತದೆ? ಮಕ್ಕಳ ಕಲ್ಯಾಣ ಸಮಿತಿ, ಬಾಲಮಂದಿರ ಇವೆಲ್ಲ ಇವೆ, ಅವು ಬೇಕಾಗುವ ಹುಡುಗಿಯರೂ ಇದ್ದಾರೆ. ಆದರೆ ಹೆಚ್ಚಿನವರು ಅದೇ ಮನೆಯಲ್ಲಿ ಬದುಕಬೇಕು, ಅದೇ ತಾಯಿಯ ಪಕ್ಕದಲ್ಲಿ ಮಲಗಬೇಕು. ಆ ತಾಯಿಯನ್ನು ಕೆಟ್ಟವಳನ್ನಾಗಿ ಮಾಡಲು ನನಗೆ ಮನಸ್ಸು ಒಪ್ಪಲಿಲ್ಲ. ಹದಿನಾರಕ್ಕೆ ಮದುವೆಯಾದವಳು ಅವಳು. ಮಗಳ ಫೋನಿನ ಕರೆ ತನ್ನ ಇಡೀ ಬಾಳಿನ ಮೇಲೆ ಮಾಡಿದ ದೂರಿನಂತೆ ಅವಳಿಗೆ ಕೇಳಿಸಿತು.

ಓದಿನ ಎಳೆಗಾಗಿ ನಪಾಸನ್ನು ಸಿಂಚನಳಿಂದ ತೆಗೆದು ಅವಳ ಗೆಳತಿಗೆ ಕೊಟ್ಟಿದ್ದೆ; ಆ ಅಧ್ಯಾಯದಲ್ಲಿ ನಾನು ಎರಡು ತಪ್ಪು ಮಾಡಿದ್ದೆ. ಫಲಿತಾಂಶದ ದಿನ ಆಕೆ ಪ್ರಾಣ ಕಳೆದುಕೊಳ್ಳಲು ಹೊರಡುವುದನ್ನು ವಿವರವಾಗಿ ಬರೆದಿದ್ದೆ. ಆತ್ಮಹತ್ಯೆಯ ವಿಧಾನವನ್ನು ವರ್ಣಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮಗಳಿಗೆ ನೀಡಿರುವ ಸೂಚನೆಯನ್ನು ಓದಿದ ಮೇಲೆ, ಅದು ಹದಿಹರೆಯದವರ ಕಾದಂಬರಿಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ ಎನ್ನಿಸಿ ಆ ಪುಟಗಳನ್ನು ಹರಿದು ಹಾಕಿದೆ. ಉಳಿಸಿಕೊಂಡದ್ದು, ಅವಳು ಯಾರೊಂದಿಗೂ ಮಾತಾಡದೆ ಕಳೆದ ಆ ಮಧ್ಯಾಹ್ನ ಮತ್ತು ಸಂಜೆ ಅವಳು ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಮಾಡಿದ ಕರೆಯನ್ನು ಮಾತ್ರ. ಇನ್ನೊಂದು ತಪ್ಪನ್ನು ಮಕ್ಕಳೇ ತಿದ್ದಿದರು. ನಪಾಸಾದರೆ ವರ್ಷ ಹೋಯಿತು ಎಂದು ನನ್ನ ಕಾಲದ ಲೆಕ್ಕದಲ್ಲಿ ಬರೆದಿದ್ದೆ. 2024ರಿಂದ ಎಸ್‌ಎಸ್‌ಎಲ್‌ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆಯಲ್ಲ ಎಂದು ಅವರು ನೆನಪಿಸಿದಾಗ, ಗೆಳತಿಯ ಕತೆ ಎರಡನೇ ಪರೀಕ್ಷೆಯ ಹಾಲ್‌ಟಿಕೆಟ್ಟಿನವರೆಗೆ ಬೆಳೆಯಿತು.

ಬರೆಯುವವರು ತಪ್ಪಿಸಲೇಬೇಕಾದ ಒಂದು ಸಂಗತಿ ಇದೆ. ಒಂದು ಕರಡಿನಲ್ಲಿ ಗೋಡೆಗೆ ಒರಗಿಸಿಟ್ಟ ಮುರಿದ ಹೊಲಿಗೆ ಯಂತ್ರದ ವಿವರವಿತ್ತು. ಓದು ಮುಗಿದ ಮೇಲೆ ಒಬ್ಬಳು ಹಿಂದೆ ಉಳಿದು, “ಮಿಸ್, ಅದು ನಮ್ಮನೇದು” ಎಂದಳು. ಅವಳ ಮನೆಗೆ ಒಮ್ಮೆ ಹೋಗಿದ್ದಾಗ ಕಂಡದ್ದು ನನಗೆ ತಿಳಿಯದಂತೆ ಕತೆಗೆ ಬಂದಿತ್ತು. ಸಣ್ಣ ಊರಿನಲ್ಲಿ ಅಷ್ಟು ಗುರುತು ಸಾಕು, ಯಾರ ಮನೆ ಎಂದು ಊರಿಗೆ ಊರೇ ಹೇಳಿಬಿಡುತ್ತದೆ. ಅವಳ ಕ್ಷಮೆ ಕೇಳಿ ಆ ವಿವರವನ್ನು ತೆಗೆದೆ. ಅಂದಿನಿಂದ, ಯಾವ ಮಗುವಿನ ಮನೆಯಿಂದ ಬಂದದ್ದೂ ಅದೇ ರೂಪದಲ್ಲಿ ಪುಟದ ಮೇಲೆ ಉಳಿಯದಂತೆ ಪ್ರತಿ ಅಧ್ಯಾಯವನ್ನೂ ಮತ್ತೆ ಶೋಧಿಸುತ್ತೇನೆ.

ಕೊನೆಯ ಪುಟವನ್ನು ಏಳು ಸಲ ಬರೆದೆ. ತಾಯಿ ಮಗಳನ್ನು ಅಪ್ಪಿಕೊಂಡು ಅಳುವ ಕೊನೆಯನ್ನು ಶನಿವಾರದ ಗುಂಪು ಒಪ್ಪಲಿಲ್ಲ. ಅಚ್ಚಾದ ಪುಸ್ತಕದಲ್ಲಿ, ಜನವರಿಯ ಪೂರ್ವಸಿದ್ಧತಾ ಪರೀಕ್ಷೆಯ ಹಿಂದಿನ ರಾತ್ರಿ, ಇನ್ನೂ ಮಾತು ಬಿಟ್ಟಿರುವ ತಾಯಿ, ಮಗಳ ಮುಂದಿದ್ದ ಅಡಿಕೆಯ ರಾಶಿಯನ್ನು ಸದ್ದಿಲ್ಲದೆ ತನ್ನ ಮೆಟ್ಟುಗತ್ತಿಯ ಕಡೆಗೆ ಎಳೆದುಕೊಳ್ಳುತ್ತಾಳೆ. ಮಗಳು ಒಂದು ಗಳಿಗೆ ಕುಳಿತಿದ್ದು, ಎದ್ದು ಕೈ ತೊಳೆದುಕೊಳ್ಳಲು ಹೋಗುತ್ತಾಳೆ.

ಈಗ ಹುಡುಗರು ತಮ್ಮ ಕತೆ ಎಲ್ಲಿ ಎಂದು ಕೇಳುತ್ತಿದ್ದಾರೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಪಕ್ಕದಲ್ಲಿ ಬೆಳೆದು, ಅಜ್ಜಿಯ ಊರಾದ ನಮ್ಮಲ್ಲಿಗೆ ಓದಲು ಬಂದ ಹುಡುಗನೊಬ್ಬನಿದ್ದಾನೆ. ಹದಿನಾಲ್ಕು ತುಂಬಿದವರನ್ನೂ ಹದಿನೆಂಟರವರೆಗೆ ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ ಎಂದು 2016ರಿಂದ ಕಾನೂನು ಇದೆ ಎಂದು ನಾನು ಹೇಳಿದಾಗ ಅವನು ಸುಮ್ಮನೆ ಕೇಳಿಸಿಕೊಂಡ. ಆಮೇಲೆ, ಕಾದ ಮರಳಿಗೆ ಅಕ್ಕಿ ಬಿದ್ದೊಡನೆ ಅರಳುವ ಸದ್ದು ಹೇಗಿರುತ್ತದೆ, ಆ ಹೊಗೆಯಲ್ಲಿ ಕಣ್ಣು ಹೇಗೆ ಉರಿಯುತ್ತದೆ ಎಂದು ಅರ್ಧ ಗಂಟೆ ಹೇಳಿದ. ಅವನ ಒಪ್ಪಿಗೆ ಕೇಳಿ ಎಲ್ಲವನ್ನೂ ಬರೆದುಕೊಂಡಿದ್ದೇನೆ. ಅವನ ಮನೆ ಯಾವುದೆಂದು ಗೊತ್ತಾಗದ ಹಾಗೆ ಅದನ್ನೆಲ್ಲ ಬೇರೊಬ್ಬ ಹುಡುಗನದನ್ನಾಗಿ ಮಾಡುವ ಕೆಲಸ ಈ ಬೇಸಿಗೆ ರಜೆಗೆ ಉಳಿದಿದೆ.