ಲಾಭದಲ್ಲಿ ಒಂದು ಪಾಲು: ವ್ಯಾಪಾರಸ್ಥರು ದೇಣಿಗೆ ಕೊಡುವುದು ಹೇಗೆ?

ವ್ಯಾಪಾರ ಸ್ವಲ್ಪ ಕುದುರಿತು ಅಂದರೆ ಸಾಕು, ದೇಣಿಗೆ ಕೇಳಿಕೊಂಡು ಬರುವವರೂ ಜಾಸ್ತಿಯಾಗುತ್ತಾರೆ. ಈ ವಾರ ಒಂದು ಅನಾಥಾಶ್ರಮ, ಮುಂದಿನ ವಾರ ಒಂದು ಆರೋಗ್ಯ ಶಿಬಿರ, ಅದರಾಚೆ ಯಾರದೋ ಆಪರೇಷನ್ ಖರ್ಚು. ಎದುರಿಗೆ ನಿಂತವರಿಗೆ ಇಲ್ಲ ಅನ್ನುವುದು ಕಷ್ಟ. ಕೈಗೆ ಬಂದಷ್ಟು ಕೊಟ್ಟು ಕಳಿಸುತ್ತೀರಿ. ವರ್ಷದ ಕೊನೆಗೆ ಕೂಡಿ ನೋಡಿದರೆ ಹೋದ ಹಣ ಕಡಿಮೆಯೇನಲ್ಲ. ಆದರೆ ಅದರಿಂದ ಯಾರಿಗೆ ಏನು ಅನುಕೂಲವಾಯಿತು ಅಂತ ಯಾರಾದರೂ ಕೇಳಿದರೆ ಹೇಳಲು ಏನೂ ಇರುವುದಿಲ್ಲ.

ಕೊಡುವ ಮನಸ್ಸು ಇರುವವರ ಹಣ ಹೀಗೆ ಚದುರಿ ಹೋಗುವುದು ನೋಡಿದರೆ ನನಗೆ ಬೇಜಾರಾಗುತ್ತದೆ. ಕೊಡುವ ಕಡೆಗಳು ಕಡಿಮೆಯಿರಲಿ. ಏನು ಬೇಕು ಅಂತ ಅವರನ್ನೇ ಕೇಳಿ ಕೊಡಿ. ಒಂದೇ ವರ್ಷಕ್ಕೆ ನಿಲ್ಲಿಸಬೇಡಿ. ಇದನ್ನು ಹೇಗೆ ಮಾಡುವುದು, ನೋಡೋಣ.

ಮೊದಲು ಮೊತ್ತ ಗೊತ್ತು ಮಾಡಿಕೊಳ್ಳಿ

ಅದಕ್ಕೂ ಮೊದಲು ಒಂದು ಮಾತು. ಕೆಲಸದವರ ಸಂಬಳ ಬಾಕಿ ಇದೆಯೇ? ಸರಕು ಕೊಟ್ಟ ಸಣ್ಣ ವ್ಯಾಪಾರಿಗೆ ಬಿಲ್ ಚುಕ್ತಾ ಆಗಿಲ್ಲವೇ? ಹಾಗಿದ್ದರೆ ದೇಣಿಗೆಯ ಮಾತು ಆಮೇಲೆ. ಅವರಿಗೆ ಸಲ್ಲಬೇಕಾದ ದುಡ್ಡನ್ನು ಬೇರೆಯವರಿಗೆ ಕೊಟ್ಟರೆ ಅದು ದಾನವಾಗುವುದಿಲ್ಲ.

ಅದು ಸರಿಯಿದ್ದರೆ, ವರ್ಷಕ್ಕೆ ಎಷ್ಟು ಅನ್ನುವುದನ್ನು ಶೇಕಡಾ ಲೆಕ್ಕದಲ್ಲಿ ಬರೆದಿಡಿ. ಇಲ್ಲಿ ಎರಡು ದಾರಿ ಇದೆ: ಮಾರಾಟದ ಮೇಲೆ ಕೊಡುವುದು, ಲಾಭದ ಮೇಲೆ ಕೊಡುವುದು. ಹೊರಾಂಗಣ ಉಡುಪು ಮಾರುವ ಅಮೆರಿಕದ ಪ್ಯಾಟಗೋನಿಯಾ ಕಂಪನಿಯ ಇವಾನ್ ಶೂನಾರ್ಡ್ ಮತ್ತು ಕ್ರೇಗ್ ಮ್ಯಾಥ್ಯೂಸ್ 2002ರಲ್ಲಿ ಕಟ್ಟಿದ 'ಒನ್ ಪರ್ಸೆಂಟ್ ಫಾರ್ ದಿ ಪ್ಲಾನೆಟ್' ಮೊದಲ ದಾರಿಯದು. ಸದಸ್ಯ ಕಂಪನಿಗಳು ಮಾರಾಟದ 1 ಶೇಕಡಾವನ್ನು ಪರಿಸರದ ಕೆಲಸಕ್ಕೆ ಕೊಡಬೇಕು. ಆ ವರ್ಷ ಲಾಭ ಬಂತೋ ಇಲ್ಲವೋ, ಲೆಕ್ಕಕ್ಕಿಲ್ಲ. ಹಾಲಿವುಡ್ ನಟ ಪಾಲ್ ನ್ಯೂಮನ್ 1982ರಲ್ಲಿ ಶುರು ಮಾಡಿದ ಆಹಾರ ಕಂಪನಿ 'ನ್ಯೂಮನ್ಸ್ ಓನ್' ಎರಡನೆಯ ದಾರಿಯದು. ಅದರ ಲಾಭವೆಲ್ಲ ಸಮಾಜದ ಕೆಲಸಕ್ಕೇ ಹೋಗುತ್ತದೆ.

ನಿಮಗೆ ಯಾವುದು ಸರಿ? ನೂರಕ್ಕೆ ಐದು ಲಾಭ ಉಳಿಯುವ ವ್ಯಾಪಾರದಲ್ಲಿ ಮಾರಾಟದ 1 ಶೇಕಡಾ ಅಂದರೆ ಲಾಭದ ಐದನೇ ಒಂದು ಭಾಗ. ಸಣ್ಣ ಮಾತಲ್ಲ. ಲಾಭದ ಅಂಚು ಕಡಿಮೆ ಇರುವವರು ಲಾಭದ ಮೇಲೆ ಲೆಕ್ಕ ಹಿಡಿಯುವುದೇ ಒಳ್ಳೆಯದು. ಯಾವುದೇ ಆಗಲಿ, ಆ ದುಡ್ಡಿಗೆ ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದು ಪ್ರತಿ ತಿಂಗಳೂ ಹಾಕುತ್ತಾ ಹೋಗಿ. ವರ್ಷದ ಕೊನೆಗೆ ಉಳಿದದ್ದು ಕೊಡೋಣ ಅಂದುಕೊಂಡರೆ ಉಳಿಯುವುದೇ ಇಲ್ಲ.

ಒಂದೋ ಎರಡೋ ಕೆಲಸ ಆರಿಸಿಕೊಳ್ಳಿ

ನಿಮ್ಮ ವ್ಯಾಪಾರಕ್ಕೆ ಗೊತ್ತಿರುವ ಲೋಕದಿಂದಲೇ ಆರಿಸಿ. ಲಾರಿ ಓಡಿಸುವ ಕಂಪನಿಗೆ ರಸ್ತೆ ಅಪಘಾತದ ಕಷ್ಟ ಗೊತ್ತು. ಕನ್ನಡಕ ಮಾರುವವರಿಗೆ ಕಣ್ಣಿನ ತೊಂದರೆ ಗೊತ್ತು. ಗೊತ್ತಿರುವ ಕಡೆ ಕೊಟ್ಟರೆ ಒಳ್ಳೆಯ ಕೆಲಸ ಯಾವುದು, ಬರೀ ಮಾತು ಯಾವುದು ಅಂತ ಬೇಗ ತಿಳಿಯುತ್ತದೆ.

ಬಾಗಿಲಿಗೆ ಬರುವವರಿಗೆ ಅಂತ ಒಟ್ಟು ಮೊತ್ತದಲ್ಲಿ ಒಂದು ಸಣ್ಣ ಭಾಗ ತೆಗೆದಿಡಿ. ಅದು ಮುಗಿದ ಮೇಲೆ "ಈ ವರ್ಷ ನಮ್ಮ ದೇಣಿಗೆ ಇಂಥ ಕೆಲಸಕ್ಕೆ ಅಂತ ಗೊತ್ತು ಮಾಡಿಬಿಟ್ಟಿದ್ದೇವೆ" ಅಂತ ಹೇಳಿ. ಕಾರಣ ಇರುವ 'ಇಲ್ಲ'ವನ್ನು ಜನ ಒಪ್ಪಿಕೊಳ್ಳುತ್ತಾರೆ.

ಸಂಸ್ಥೆಯನ್ನು ಹತ್ತಿರದಿಂದ ನೋಡಿ

ಜಾಸ್ತಿ ಸಮಯ ಕೊಡಬೇಕಾದದ್ದು ಇಲ್ಲಿಗೇ. ನೋಂದಣಿ ಪತ್ರ, ಆಡಿಟ್ ಆದ ಲೆಕ್ಕ, ವಾರ್ಷಿಕ ವರದಿ, ಆಡಳಿತ ಮಂಡಳಿಯಲ್ಲಿ ಯಾರಿದ್ದಾರೆ ಅನ್ನುವ ಪಟ್ಟಿ, ಇವನ್ನು ಕೇಳಿ ತೆಗೆದುಕೊಳ್ಳಿ. ನೆಟ್ಟಗಿರುವ ಸಂಸ್ಥೆ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಹಣ ಸಂಸ್ಥೆಯ ಖಾತೆಗೇ ಹೋಗಬೇಕು, ಯಾರ ಸ್ವಂತ ಖಾತೆಗೂ ಅಲ್ಲ. ರಸೀದಿ ಬೇಕು. ತೆರಿಗೆ ವಿನಾಯಿತಿಯ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ ಇರುತ್ತದೆ. ಅದನ್ನು ಹಣ ಕಳಿಸುವ ಮೊದಲೇ ನಿಮ್ಮ ಆಡಿಟರ್ ಹತ್ತಿರ ಕೇಳಿಕೊಳ್ಳಿ.

ಕಾಗದ ಎಲ್ಲವನ್ನೂ ಹೇಳುವುದಿಲ್ಲ. ಸಮಾರಂಭದ ದಿನ ಹೋಗಬೇಡಿ, ಮಾಮೂಲಿ ದಿನ ಹೋಗಿ. ಹಾರ, ಭಾಷಣ, ಸಾಲಾಗಿ ನಿಲ್ಲಿಸಿದ ಮಕ್ಕಳು, ಇದರಲ್ಲಿ ಸಂಸ್ಥೆ ಕಾಣಿಸುವುದಿಲ್ಲ. ಮಾಮೂಲಿ ದಿನ ಕೆಲಸ ಮಾಡುವವರ ಪಕ್ಕ ಕುಳಿತು ಮೂರು ಪ್ರಶ್ನೆ ಕೇಳಿ. "ಹೋದ ವರ್ಷ ನೀವು ಅಂದುಕೊಂಡಂತೆ ಆಗದೇ ಹೋದದ್ದು ಯಾವುದು?" "ನಿಮ್ಮ ಕೆಲಸದಿಂದ ಅನುಕೂಲ ಆಯಿತು ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ?" "ಯಾವ ಷರತ್ತೂ ಇಲ್ಲದೆ ಹಣ ಸಿಕ್ಕರೆ ಮೊದಲು ಯಾವುದಕ್ಕೆ ಖರ್ಚು ಮಾಡುತ್ತೀರಿ?"

ಉತ್ತರ ಕೇಳಿಸಿಕೊಳ್ಳುವುದೂ ಒಂದು ಕೆಲಸವೇ. "ನಮ್ಮಲ್ಲಿ ಎಲ್ಲಾ ಚೆನ್ನಾಗಿಯೇ ಆಯಿತು" ಅನ್ನುವವರಿಗಿಂತ, "ಸಂಜೆ ತರಗತಿಗೆ ಹುಡುಗಿಯರು ಬರಲಿಲ್ಲ, ಕತ್ತಲಾದ ಮೇಲೆ ಮನೆಗೆ ಹೋಗುವುದು ಕಷ್ಟ ಅಂದರು, ಅದಕ್ಕೆ ಬೆಳಿಗ್ಗೆಗೆ ಬದಲಾಯಿಸಿದೆವು" ಅನ್ನುವವರ ಮೇಲೆ ನನಗೆ ನಂಬಿಕೆ ಜಾಸ್ತಿ. ಅವರು ಎದುರಿಗಿರುವ ಮನುಷ್ಯರನ್ನು ನೋಡುತ್ತಿದ್ದಾರೆ. ಮೂರನೆಯ ಪ್ರಶ್ನೆಗೆ "ಒಬ್ಬ ಅಕೌಂಟೆಂಟ್ ಬೇಕು", "ವ್ಯಾನಿನ ಟೈರ್ ಸವೆದಿದೆ" ಅಂತ ಉತ್ತರ ಬಂದರೆ ಮುಖ ಸಿಂಡರಿಸಬೇಡಿ.

ಇಲ್ಲಿ ಬಹಳ ಜನ ಎಡವುತ್ತಾರೆ. ನಾನು ಕೊಟ್ಟ ಹಣ ಪೂರ್ತಿ ಬಡವರಿಗೇ ಹೋಗಬೇಕು, ಆಫೀಸು, ಸಂಬಳಕ್ಕೆ ಹೋಗಬಾರದು ಅನ್ನುತ್ತಾರೆ. ಒಳ್ಳೆಯ ಉದ್ದೇಶವೇ. ಆದರೆ ನಿಮ್ಮ ವ್ಯಾಪಾರವನ್ನು ಬಾಡಿಗೆ, ಕರೆಂಟು, ಸಂಬಳ ಇಲ್ಲದೆ ನಡೆಸಲು ಆಗುತ್ತದೆಯೇ? ದಾನ ಕೊಡುವವರಿಗೆ ಸಂಸ್ಥೆಗಳ ಮಾಹಿತಿ ಒದಗಿಸುವ ಅಮೆರಿಕದ ಮೂರು ಸಂಸ್ಥೆಗಳು, ಅಂದರೆ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್ ಮತ್ತು ಬಿಬಿಬಿ ವೈಸ್ ಗಿವಿಂಗ್ ಅಲೈಯನ್ಸ್, 2013ರಲ್ಲಿ ಸೇರಿ ಒಂದು ಬಹಿರಂಗ ಪತ್ರ ಬರೆದವು. ಆಡಳಿತ ಖರ್ಚಿನ ಶೇಕಡಾವಾರು ಒಂದನ್ನೇ ನೋಡಿ ಸಂಸ್ಥೆಯನ್ನು ಅಳೆಯಬೇಡಿ, ಆದ ಕೆಲಸವನ್ನು ನೋಡಿ ಅನ್ನುವುದು ಅದರ ತಿರುಳು. ಆಡಳಿತ ಖರ್ಚು ಕಡಿಮೆ ತೋರಿಸಲು ಹೋಗಿ ತರಬೇತಿ ಇಲ್ಲದ ಜನ, ಹಳೇ ಕಂಪ್ಯೂಟರ್, ಬರೆಯದ ಲೆಕ್ಕದಲ್ಲಿ ಸೊರಗುವ ಸಂಸ್ಥೆಗೆ ನೀವು ಕೊಟ್ಟ ಹಣವೂ ಸೊರಗುತ್ತದೆ.

ವಸ್ತು ಕೊಡುವ ಮುಂಚೆ ಯೋಚಿಸಿ

ಗೋಡೌನಿನಲ್ಲಿ ಉಳಿದ ಮಾಲನ್ನು ಕೊಟ್ಟುಬಿಡೋಣ ಅನ್ನಿಸುವುದು ಸಹಜ. ಆದರೆ ಬೇಡದ ವಸ್ತು ತೆಗೆದುಕೊಂಡವರಿಗೆ ಹೊರೆಯಾಗುತ್ತದೆ. 2004ರ ಡಿಸೆಂಬರಿನ ಸುನಾಮಿಯಾದ ಮೇಲೆ ಇಂಡೊನೇಷ್ಯಾದ ಅಚೇ ಪ್ರಾಂತ್ಯಕ್ಕೆ ಸುಮಾರು 4,000 ಟನ್ ಔಷಧ ಬಂದು ಬಿತ್ತು. ಬಹುಪಾಲು ಡಬ್ಬಿಗಳ ಮೇಲಿದ್ದದ್ದು ಅಲ್ಲಿಯವರಿಗೆ ಓದಲು ಬಾರದ ಭಾಷೆ. ಎಷ್ಟೋ ಔಷಧ ಅಲ್ಲಿ ಬಳಕೆಯಲ್ಲೇ ಇರಲಿಲ್ಲ. ಗಾಯಾಳುಗಳನ್ನು ನೋಡಬೇಕಾದ ಜನ ಡಬ್ಬಿ ವಿಂಗಡಿಸುತ್ತಾ ಕೂರಬೇಕಾಯಿತು. ಇಂಥದ್ದು ಆಗಬಾರದು ಅಂತಲೇ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲೇ ಔಷಧ ದಾನಕ್ಕೆ ನಿಯಮಗಳನ್ನು ಹೊರಡಿಸಿತ್ತು. ಬೇಕು ಅಂತ ಅವರು ಹೇಳಿದ್ದನ್ನೇ ಕಳಿಸಿ, ತಲುಪುವ ಹೊತ್ತಿಗೆ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಲಿ ಅನ್ನುತ್ತವೆ ಅವು.

ವಸ್ತು ಚೆನ್ನಾಗಿಯೇ ಇದ್ದರೂ ಕೆಲಸ ಆಗದೇ ಹೋಗಬಹುದು. ಒಂದು ಜೊತೆ ಶೂ ಮಾರಿದರೆ ಒಂದು ಜೊತೆ ಬಡ ಮಗುವಿಗೆ ಅನ್ನುವ ಯೋಜನೆಯಿಂದ 'ಟಾಮ್ಸ್' ಕಂಪನಿ 2006ರಿಂದ ಜಗತ್ತಿಗೆಲ್ಲ ಪರಿಚಯವಾಯಿತು. ಎಲ್ ಸಾಲ್ವಡಾರ್ ದೇಶದಲ್ಲಿ ಸಂಶೋಧಕರು ಪರೀಕ್ಷಿಸಿ ನೋಡಿದಾಗ ಮಕ್ಕಳಿಗೆ ಶೂ ಇಷ್ಟವಾಗಿತ್ತು, ಹಾಕಿಕೊಳ್ಳುತ್ತಲೂ ಇದ್ದರು. ಆದರೆ ಅವರ ಬದುಕಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ನಮಗೆ ಬೇಕಾದ್ದನ್ನು ಹೊರಗಿನವರು ಕೊಡಬೇಕು ಅನ್ನುವ ಭಾವನೆ ಶೂ ಪಡೆದ ಮಕ್ಕಳಲ್ಲಿ ಸ್ವಲ್ಪ ಜಾಸ್ತಿಯಾಗಿತ್ತು. ಕಂಪನಿ ಆ ಅಧ್ಯಯನಕ್ಕೆ ತಾನೇ ಸಹಕರಿಸಿತ್ತು, ಮುಂದೆ ಲಾಭದ ಮೂರನೇ ಒಂದು ಭಾಗವನ್ನು ಹಣವಾಗಿ ಕೊಡುವ ದಾರಿಗೆ ಬಂತು. ಆ ಧೈರ್ಯ ನನಗೆ ಮೆಚ್ಚುಗೆಯಾಗುತ್ತದೆ.

ಬಡವರ ಕೈಗೆ ನಗದು ಕೊಟ್ಟರೆ ಕುಡಿದು ಹಾಳು ಮಾಡುತ್ತಾರೆ ಅನ್ನುವ ಮಾತಿದೆಯಲ್ಲ, ಅದನ್ನೂ ಪರೀಕ್ಷಿಸಿದ್ದಾರೆ. ಕೀನ್ಯಾದ ಹಳ್ಳಿಗಳಲ್ಲಿ 'ಗಿವ್‌ಡೈರೆಕ್ಟ್ಲಿ' ಸಂಸ್ಥೆ ನೇರವಾಗಿ ನಗದು ಕೊಟ್ಟ ಕುಟುಂಬಗಳ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಮದ್ಯ, ತಂಬಾಕಿನ ಖರ್ಚು ಏರಿರಲಿಲ್ಲ. ಊಟದ ಖರ್ಚು, ಮನೆಯ ಆಸ್ತಿ ಏರಿತ್ತು.

ಸಮಯ ಕೊಡುವುದಾದರೆ

ಸಿಬ್ಬಂದಿಯನ್ನೆಲ್ಲ ಕರೆದೊಯ್ದು ಒಂದು ದಿನ ಶಾಲೆಯ ಗೋಡೆಗೆ ಬಣ್ಣ ಬಳಿಸುವುದು ಖುಷಿ ಕೊಡುತ್ತದೆ, ತಪ್ಪಿಲ್ಲ. ಆದರೆ ಬಣ್ಣ ಬಳಿಯುವವರು ಎಲ್ಲ ಕಡೆ ಸಿಗುತ್ತಾರೆ. ನಿಮ್ಮ ಲೆಕ್ಕಪತ್ರದವರು ತಿಂಗಳಿಗೊಂದು ಮಧ್ಯಾಹ್ನ ಸಂಸ್ಥೆಯ ಪುಸ್ತಕ ಸರಿಪಡಿಸಿ ಕೊಟ್ಟರೆ ಅದರ ಬೆಲೆಯೇ ಬೇರೆ. ಸೇಲ್ಸ್‌ಫೋರ್ಸ್ ಅನ್ನುವ ಸಾಫ್ಟ್‌ವೇರ್ ಕಂಪನಿ 1999ರಲ್ಲಿ ಶುರುವಾದಾಗಿನಿಂದಲೇ ಷೇರಿನ 1, ಉತ್ಪನ್ನದ 1, ನೌಕರರ ಸಮಯದ 1 ಶೇಕಡಾ ಅಂತ ಸಮಾಜದ ಕೆಲಸಕ್ಕೆ ಬೇರೆ ತೆಗೆದಿಡುವ ರೂಢಿ ಮಾಡಿಕೊಂಡಿತು. ಸಣ್ಣ ವ್ಯಾಪಾರಕ್ಕೂ ಈ ಥರ ಸಮಯವನ್ನು ಲೆಕ್ಕ ಹಿಡಿಯುವುದು ಕಷ್ಟವಲ್ಲ. ಆ ಹೊತ್ತಿಗೆ ಸಂಬಳ ಕತ್ತರಿಸಬೇಡಿ. ಸಿಬ್ಬಂದಿಯಿಂದ ದೇಣಿಗೆ ಸಂಗ್ರಹಿಸುವುದಾದರೆ ಯಾರ ಮೇಲೂ ಒತ್ತಾಯ ಬೇಡ. ಅವರು ಕೊಟ್ಟಷ್ಟೇ ನೀವೂ ಸೇರಿಸಿ ಕೊಡಿ.

ಗ್ರಾಹಕರ ಮುಂದೆ ಹೇಳುವಾಗ

ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅನ್ನುತ್ತಾರೆ. ವ್ಯಾಪಾರದ ದೇಣಿಗೆಗೆ ಇದು ಪೂರ್ತಿ ಹೊಂದುವುದಿಲ್ಲ. ಹೇಳಿದರೆ ನಾಲ್ಕು ಜನ ಕೈ ಜೋಡಿಸುತ್ತಾರೆ. 1983ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ, ಕಾರ್ಡ್ ಬಳಸಿದಾಗಲೆಲ್ಲ 1 ಸೆಂಟ್, ಹೊಸ ಕಾರ್ಡಿಗೆ 1 ಡಾಲರ್ ಅಂತ ಜಾಹೀರಾತು ಕೊಟ್ಟು, ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿ ಪ್ರತಿಮೆಯ ದುರಸ್ತಿಗೆ ಹಣ ತೆಗೆದಿಟ್ಟಿತು. 17 ಲಕ್ಷ ಡಾಲರ್ ಸೇರಿತು. ಕಾರ್ಡ್ ಬಳಕೆಯೂ ಕಾಲು ಭಾಗಕ್ಕಿಂತ ಜಾಸ್ತಿ ಏರಿತು.

ಆ ಜಾಹೀರಾತಿನಲ್ಲಿ ಲೆಕ್ಕ ಬಿಡಿಸಿ ಹೇಳಿದ್ದರು ಅನ್ನುವುದನ್ನು ಗಮನಿಸಿ. "ಮಾರಾಟದ ಒಂದು ಭಾಗ ಸಮಾಜ ಸೇವೆಗೆ" ಅಂತ ಸುಮ್ನೆ ಬರೆದರೆ ಅದು ಎಷ್ಟು ಬೇಕಾದರೂ ಆಗಬಹುದು, ಅಲ್ವಾ? ಪ್ರತಿ ಮಾರಾಟಕ್ಕೆ ಎಷ್ಟು, ಯಾವ ಸಂಸ್ಥೆಗೆ, ಯಾವ ತಾರೀಖಿನವರೆಗೆ, ಗರಿಷ್ಠ ಮಿತಿ ಇದೆಯೇ, ನಾಲ್ಕನ್ನೂ ಬರೆಯಿರಿ. ಸಂಸ್ಥೆಯ ಹೆಸರು ಹಾಕುವ ಮುಂಚೆ ಅವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಮುಗಿದ ಮೇಲೆ ಎಷ್ಟು ಸೇರಿತು ಅಂತ ಅದೇ ಜಾಗದಲ್ಲಿ ಪ್ರಕಟಿಸಿ.

ಫೋಟೋ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಸಹಾಯ ಪಡೆದವರ ಮುಖ, ಅದರಲ್ಲೂ ಮಕ್ಕಳ ಮುಖ, ನಿಮ್ಮ ಬ್ಯಾನರಿನ ಕೆಳಗೆ ಬರಬಾರದು. ಕಷ್ಟದಲ್ಲಿರುವವರು ಬೇಡ ಅನ್ನುವ ಸ್ಥಿತಿಯಲ್ಲಿ ಇರುವುದಿಲ್ಲ.

ಕೊಟ್ಟ ಮೇಲೆ

ಸಾಧ್ಯವಾದರೆ ಮೂರು ವರ್ಷ ಕೊಡುತ್ತೇವೆ ಅಂತ ಸಂಸ್ಥೆಗೆ ಮಾತು ಕೊಡಿ. ಮುಂದಿನ ವರ್ಷವೂ ಹಣ ಬರುತ್ತದೆ ಅಂತ ಖಾತ್ರಿ ಇದ್ದರೆ ಮಾತ್ರ ಸಂಸ್ಥೆ ಒಬ್ಬ ಒಳ್ಳೆಯ ಶಿಕ್ಷಕಿಯನ್ನೋ ನರ್ಸನ್ನೋ ಕೆಲಸಕ್ಕೆ ತೆಗೆದುಕೊಳ್ಳಲು ಸಾಧ್ಯ. ವರದಿ ಕೇಳಿ, ಆದರೆ ನಿಮ್ಮದೇ ಹೊಸ ಫಾರಂ ತುಂಬಿಸಬೇಡಿ. ಬೇರೆ ದಾನಿಗಳಿಗೆ ಕಳಿಸುವ ವರದಿಯ ಪ್ರತಿ ಸಾಕು. ವರ್ಷಕ್ಕೆ ಒಂದೆರಡು ಸಲ ಹೋಗಿ ಕುಳಿತು ಮಾತಾಡಿದರೆ ಇನ್ನೂ ಒಳ್ಳೆಯದು.

ವ್ಯಾಪಾರ ಇಳಿದು ನಿಲ್ಲಿಸಲೇಬೇಕಾಗಿ ಬಂದರೆ ಅಂಥ ಸೂಚನೆ ಕಂಡ ಕೂಡಲೇ ಹೇಳಿಬಿಡಿ. ಒಂದು ವರ್ಷ ಮುಂಚೆ ಗೊತ್ತಾದರೆ ಅವರು ಬೇರೆ ದಾನಿಯನ್ನು ಹುಡುಕಿಕೊಳ್ಳುತ್ತಾರೆ. ನಿಮಗೆ ಪರಿಚಯ ಇರುವ ಇನ್ನಿಬ್ಬರು ವ್ಯಾಪಾರಸ್ಥರ ಹತ್ತಿರ ಅವರನ್ನು ನೀವೇ ಕರೆದುಕೊಂಡು ಹೋಗಿ ಮಾತಾಡಿಸಿ.