ಸತ್ತ ಎಸ್‌ಎಸ್‌ಡಿಯಿಂದ ಫೈಲು ಹೊರತೆಗೆದದ್ದು

240 ಜಿಬಿಯ ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಡೇಟಾ ಇಡುವ ಡ್ರೈವ್) ಯಾವ ಸುಳಿವೂ ಕೊಡದೆ ಕೈಕೊಟ್ಟಿತು. ಹಾರ್ಡ್ ಡಿಸ್ಕ್ ಆಗಿದ್ದರೆ ಕರಕರ ಸದ್ದಾದರೂ ಬರುತ್ತಿತ್ತೇನೋ. ಇದು ಬಯಾಸ್‌ನಲ್ಲೇ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ತಂತ್ರಾಂಶ) ಕಾಣೆ. ಅಜ್ಜಿ ಹೇಳಿದ ಕತೆಗಳ ಆಡಿಯೊ ಅದರಲ್ಲಿ ಮಾತ್ರ ಇತ್ತು. ಕೈಕಾಲೇ ಆಡಲಿಲ್ಲ.

ಡೇಟಾ ಕೇಬಲ್ ಕಿತ್ತು, ಬರೀ ಪವರ್ ಕೊಟ್ಟು ಅರ್ಧ ಗಂಟೆ ಬಿಟ್ಟೆ. ಕರೆಂಟ್ ಥಟ್ಟನೆ ಹೋಗಿ ಒಳಗಿನ ಮ್ಯಾಪಿಂಗ್ ಪಟ್ಟಿ (ಯಾವ ಡೇಟಾ ಎಲ್ಲಿದೆ ಎಂಬ ಲೆಕ್ಕ) ಕೆಟ್ಟಿದ್ದರೆ, ಅದನ್ನು ಸರಿಮಾಡಿಕೊಳ್ಳಲು ಡ್ರೈವ್ ನಡೆಸುವ ಕಂಟ್ರೋಲರ್ ಚಿಪ್‌ಗೆ ಸಮಯ ಸಿಗುತ್ತದೆ. ಅರ್ಧ ನಿಮಿಷ ಆಫ್ ಮಾಡಿ ಮತ್ತೆ ಅದನ್ನೇ ಮಾಡಿದೆ. ಎರಡನೇ ಸಲಕ್ಕೆ ಡ್ರೈವ್ ಕಾಣಿಸಿತು!

ವಿಂಡೋಸ್‌ಗೆ ಜೋಡಿಸಲಿಲ್ಲ, ಅದು ತಾನಾಗಿಯೇ ಏನಾದರೂ ಬರೆದುಬಿಡಬಹುದು. ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಎಸ್‌ಎಸ್‌ಡಿಯನ್ನು ಮೌಂಟ್ ಮಾಡದೆ (ಫೈಲು ತೆರೆಯುವಂತೆ ಜೋಡಿಸದೆ), ಡಿಡಿರೆಸ್ಕ್ಯೂ ಎಂಬ ತಂತ್ರಾಂಶದ ಮೂಲಕ ಇಡೀ ಡ್ರೈವ್‌ನ ಇಮೇಜನ್ನು (ಯಥಾವತ್ ನಕಲನ್ನು) ಬೇರೊಂದು ಡಿಸ್ಕಿಗೆ ಇಳಿಸತೊಡಗಿದೆ. 61 ಪರ್ಸೆಂಟ್‌ಗೆ ವೇಗ ಸೊನ್ನೆಗಿಳಿದು ಡ್ರೈವ್ ಮತ್ತೆ ಮಾಯ. ಇಲ್ಲಿ ಜೀವ ಉಳಿಸಿದ್ದು ಡಿಡಿರೆಸ್ಕ್ಯೂನ ಮ್ಯಾಪ್‌ಫೈಲ್. ಎಲ್ಲಿವರೆಗೆ ಓದಿದೆ ಎಂಬುದು ಅದರಲ್ಲಿ ದಾಖಲಾಗುವುದರಿಂದ, ಪವರ್ ತೆಗೆದು ಹಾಕಿ ಅದೇ ಆಜ್ಞೆ ಕೊಟ್ಟರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಹೀಗೆ ಮೂರು ಸಲ ಮಾಡಬೇಕಾಯಿತು.

ಆಮೇಲಿನ ಕೆಲಸವೆಲ್ಲ ಇಮೇಜ್ ಮೇಲೆ. ಟೆಸ್ಟ್‌ಡಿಸ್ಕ್ ಎಂಬ ಫೈಲು ಮರಳಿಸುವ ತಂತ್ರಾಂಶದಲ್ಲಿ ಫೋಲ್ಡರ್ ಹೆಸರಿನ ಸಮೇತ ಸಿಕ್ಕಿತು. ಎರಡು ಫೈಲು ಹಾಳಾಗಿವೆ, ಉಳಿದವು ಸ್ವಚ್ಛ.

ನಿಮ್ಮ ಡ್ರೈವ್ ಕಾಣಿಸದೇ ಹೋದರೆ ಚಿಪ್ ಬಿಡಿಸಲು ಹೋಗಬೇಡಿ. ಎಷ್ಟೋ ಕಂಟ್ರೋಲರ್‌ಗಳು ಡೇಟಾವನ್ನು ಎನ್‌ಕ್ರಿಪ್ಟ್ ಮಾಡಿಯೇ (ಗುಪ್ತಲಿಪಿಗೆ ಬದಲಿಸಿಯೇ) ಇಟ್ಟಿರುತ್ತವೆ, ಬರೀ ಚಿಪ್ ಓದಿದರೆ ಏನೂ ಸಿಗುವುದಿಲ್ಲ. ಅದು ಡೇಟಾ ಹೊರತೆಗೆಯುವ ಲ್ಯಾಬಿನವರ ಕೆಲಸ.