ಡಲ್ಲಾಸ್‌ಗೆ ಮೊದಲ ಕೋಲ್ಡ್ ಫ್ರಂಟ್: ವಾರದ ಮುನ್ಸೂಚನೆ ನಾನು ಬರೆಯುವ ಬಗೆ

ಸೆಪ್ಟೆಂಬರ್‌ನಲ್ಲಿ ಉತ್ತರ ಟೆಕ್ಸಸ್‌ಗೆ ಬರುವ ಕೋಲ್ಡ್ ಫ್ರಂಟನ್ನು, ಅಂದರೆ ನುಗ್ಗಿ ಬರುವ ತಂಪು ಗಾಳಿಯ ಮುಂಗೆರೆಯನ್ನು, ಥರ್ಮಾಮೀಟರ್ ನೋಡಿ ಅಳೆಯಲು ಹೋದರೆ ಕೆಲಸ ಕೆಡುತ್ತದೆ. ಫ್ರಂಟ್ ದಾಟಿದ ಮರುದಿನವೂ ಮಧ್ಯಾಹ್ನ 88 ಡಿಗ್ರಿ ಫ್ಯಾರನ್‌ಹೀಟ್ ಇರಬಹುದು. ಬಿಸಿಲಿಗೆ ಇನ್ನೂ ಕಸುವಿರುತ್ತದೆ, ಒಣ ಗಾಳಿ ಬೇಗ ಕಾಯುತ್ತದೆ. ನಿಜವಾಗಿ ಬದಲಾಗುವುದು ಡ್ಯೂ ಪಾಯಿಂಟ್, ಅಂದರೆ ಗಾಳಿಯ ತೇವ ಇಬ್ಬನಿಯಾಗತೊಡಗುವ ತಾಪಮಾನ; ತೇವ ಹೆಚ್ಚಿದ್ದಷ್ಟೂ ಅದು ಮೇಲಿರುತ್ತದೆ. ಅದು 70ರಿಂದ 50ರ ಆಸುಪಾಸಿಗೆ, ಅಂದರೆ 21 ಸೆಲ್ಸಿಯಸ್‌ನಿಂದ 10ಕ್ಕೆ ಇಳಿದರೆ ಮೈಗೆ ಅಂಟಿಕೊಂಡಿದ್ದ ಸೆಖೆ ಹೋಗುತ್ತದೆ, ಬೆಳಗಿನ ವಾಕಿಂಗ್ ಹಿತವಾಗುತ್ತದೆ. ಇಲ್ಲಿನ ಕನ್ನಡದವರಿಗೆ ವಾರದ ಮುನ್ಸೂಚನೆ ಬರೆಯುವಾಗ ನಾನು ಮೊದಲು ನೋಡುವುದು ಅದನ್ನೇ.

ಭಾನುವಾರ ಮಧ್ಯಾಹ್ನ ಕೂರುತ್ತೇನೆ. ಬೆಳಗ್ಗೆ 7 ಗಂಟೆಯ (12 ಯುಟಿಸಿ) ಮಾಹಿತಿ ಹಿಡಿದು ಓಡಿದ ಅಮೆರಿಕದ ಜಿಎಫ್‌ಎಸ್ ಮತ್ತು ಯುರೋಪಿನ ಇಸಿಎಂಡಬ್ಲ್ಯುಎಫ್ ಕಂಪ್ಯೂಟರ್ ಹವಾಮಾನ ಮಾದರಿಗಳು ಎರಡೂ ಆ ಹೊತ್ತಿಗೆ ಕೈಗೆ ಸಿಕ್ಕಿರುತ್ತವೆ. ನೆಲಮಟ್ಟದ ನಕ್ಷೆಗಿಂತ ಮೊದಲು ಗಾಳಿಯ ಒತ್ತಡ 500 ಮಿಲಿಬಾರ್ ಇರುವ ಎತ್ತರದ ನಕ್ಷೆ ತೆರೆಯುತ್ತೇನೆ. ಐದೂವರೆ ಕಿಲೋಮೀಟರಿಗೂ ಮೇಲಿನ ಆ ಗಾಳಿಯೇ ಫ್ರಂಟನ್ನು ದಕ್ಷಿಣಕ್ಕೆ ತಳ್ಳುವುದು, ಇಲ್ಲವೇ ಅರ್ಧದಾರಿಯಲ್ಲಿ ಕೈಬಿಡುವುದು. ಮೇಲಿನ ಗಾಳಿ ಫ್ರಂಟಿನ ಗೆರೆಯನ್ನು ಅಡ್ಡ ಕತ್ತರಿಸುತ್ತಿದ್ದರೆ ಅದು ಮುಂದೆ ಸಾಗುತ್ತದೆ. ಗೆರೆಗೆ ಸಮಾನಾಂತರವಾಗಿದ್ದರೆ ನಿಂತುಬಿಡುತ್ತದೆ. ಮೇಲಿನ ಗಾಳಿಯ ಕಡಿಮೆ ಒತ್ತಡದ ತಗ್ಗು ದೂರದ ಈಶಾನ್ಯದ ಗ್ರೇಟ್ ಲೇಕ್ಸ್ ಕಡೆಯೇ ಉಳಿದು ಟೆಕ್ಸಸ್ ಮೇಲೆ ಅಧಿಕ ಒತ್ತಡ ಕೂತಿದ್ದರೆ, ಫ್ರಂಟ್ ಟೆಕ್ಸಸ್-ಒಕ್ಲಹೋಮ ಗಡಿಯ ರೆಡ್ ನದಿಯ ಹತ್ತಿರ ಬಂದು ಸುಸ್ತಾಗುವುದೇ ಹೆಚ್ಚು. ಆಗ ನದಿಯಾಚೆ ಒಕ್ಲಹೋಮದ ನಾರ್ಮನ್‌ನಲ್ಲಿ ತಂಪು, ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ಅದೇ ಜಿಗುಟು, ಜೊತೆಗೆ ಎರಡು ಮೂರು ರಾತ್ರಿ ಬಿಟ್ಟುಬಿಟ್ಟು ಗುಡುಗು ಮಳೆ. ಸೆಪ್ಟೆಂಬರ್ ಮುನ್ಸೂಚನೆಗಳು ಹೆಚ್ಚಾಗಿ ಕೈಕೊಡುವುದು ಈ ಜಾಗದಲ್ಲೇ.

ಎರಡು ಮಾದರಿಗಳ ನಡುವೆ ಹನ್ನೆರಡು ಗಂಟೆ ವ್ಯತ್ಯಾಸವಿದ್ದರೆ ಸರಾಸರಿ ತೆಗೆಯುವುದಿಲ್ಲ. ಯುರೋಪಿನ ಮಾದರಿಯ ಎನ್‌ಸೆಂಬಲ್‌ನಲ್ಲಿ (ಆರಂಭದ ಮಾಹಿತಿಯನ್ನು ತುಸು ಬದಲಿಸಿ ಅದೇ ಮಾದರಿಯನ್ನು ಹಲವು ಬಾರಿ ಓಡಿಸಿದ ಗುಂಪು; ಒಂದೊಂದು ಓಟವೂ ಒಬ್ಬ ಸದಸ್ಯ) ಎಷ್ಟು ಸದಸ್ಯರು ಫ್ರಂಟನ್ನು ಡಲ್ಲಾಸ್ ದಕ್ಷಿಣದ ವೇಕೋ ದಾಟಿಸಿದ್ದಾರೆ ಎಂದು ನೋಡುತ್ತೇನೆ. ಬಹುಪಾಲು ದಾಟಿಸಿದ್ದರೆ "ಬುಧವಾರ ಮಧ್ಯಾಹ್ನದಿಂದ ರಾತ್ರಿಯೊಳಗೆ" ಎಂದು ಬರೆಯುತ್ತೇನೆ. ಅರ್ಧಕ್ಕರ್ಧ ಇದ್ದರೆ "ಬರಬಹುದು, ಮಂಗಳವಾರ ಮತ್ತೆ ನೋಡೋಣ" ಎಂದಷ್ಟೇ. ನಾಲ್ಕು ದಿನ ಮುಂಚೆ ಗಂಟೆ ಹೇಳುವ ಆ್ಯಪ್‌ಗಳನ್ನು ನಾನಂತೂ ನಂಬುವುದಿಲ್ಲ. ಕೊನೆಗೆ ಫೋರ್ಟ್ ವರ್ತ್‌ನ ರಾಷ್ಟ್ರೀಯ ಹವಾಮಾನ ಸೇವೆ ಕಚೇರಿಯ ಚರ್ಚಾ ಟಿಪ್ಪಣಿ ಓದುತ್ತೇನೆ. ಯಾವ ಮಾದರಿಯನ್ನು ಏಕೆ ಬಿಟ್ಟೆವು ಎಂದು ಅಲ್ಲಿನವರು ಬಿಡಿಸಿ ಬರೆದಿರುತ್ತಾರೆ.

ಫ್ರಂಟ್ ಬರುವ ದಿನ ಮಾದರಿಗಳನ್ನು ಪಕ್ಕಕ್ಕಿಟ್ಟು ಕೇಂದ್ರಗಳ ಅಳತೆ ಹಿಡಿಯುತ್ತೇನೆ. ಒಕ್ಲಹೋಮ ಮೆಸೋನೆಟ್ ಎಂಬ ಹವಾಮಾನ ಕೇಂದ್ರಗಳ ಜಾಲ ದೊಡ್ಡ ವರ. ಆ ರಾಜ್ಯದ 77 ಕೌಂಟಿಗಳಲ್ಲೂ ಕನಿಷ್ಠ ಒಂದೊಂದು ಕೇಂದ್ರವಿದೆ, ಐದೈದು ನಿಮಿಷದ ಮಾಹಿತಿ ಸಿಗುತ್ತದೆ. ಫ್ರಂಟ್ ದಾಟಿತು ಎನ್ನಲು ದಕ್ಷಿಣದಿಂದ ಬೀಸುತ್ತಿದ್ದ ಗಾಳಿ ಉತ್ತರದಿಂದ ಬೀಸತೊಡಗಿರಬೇಕು, ಇಳಿಯುತ್ತಿದ್ದ ಒತ್ತಡ ಏರತೊಡಗಿರಬೇಕು, ಡ್ಯೂ ಪಾಯಿಂಟ್ ಇಳಿಯುತ್ತಿರಬೇಕು. ಮೂರನೆಯದು ಒಂದೆರಡು ಗಂಟೆ ತಡವಾಗುವುದುಂಟು.

ವೇಗದ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಒಕ್ಲಹೋಮದ ಲಾಟನ್‌ನಲ್ಲಿ ಬೆಳಗ್ಗೆ 10ಕ್ಕೆ, ಟೆಕ್ಸಸ್‌ನ ವಿಚಿಟಾ ಫಾಲ್ಸ್‌ನಲ್ಲಿ 12ಕ್ಕೆ ಗಾಳಿ ತಿರುಗಿತು ಎನ್ನಿ. ನಡುವಿನ ದೂರ ಸುಮಾರು 48 ಮೈಲಿ, ಅಂದರೆ ಗಂಟೆಗೆ 24 ಮೈಲಿ. ವಿಚಿಟಾ ಫಾಲ್ಸ್‌ನಿಂದ ಫೋರ್ಟ್ ವರ್ತ್ ನೇರ ಗೆರೆಯಲ್ಲಿ 104 ಮೈಲಿ. ನಾಲ್ಕು ಗಂಟೆ ಮೇಲೆ ಸ್ವಲ್ಪ ಸಾಕು ಅನ್ನಿಸುತ್ತದೆ. ಆದರೆ ಲಾಟನ್ ಇರುವುದು ವಿಚಿಟಾ ಫಾಲ್ಸ್‌ನ ನೇರ ಉತ್ತರಕ್ಕೆ, ಫೋರ್ಟ್ ವರ್ತ್ ಇರುವುದು ಆಗ್ನೇಯಕ್ಕೆ. ಫ್ರಂಟ್ ಪೂರ್ವ-ಪಶ್ಚಿಮವಾಗಿ ಮಲಗಿದ್ದು ನೇರ ದಕ್ಷಿಣಕ್ಕೆ ಇಳಿಯುತ್ತಿದ್ದರೆ ಅದು ಸಾಗಬೇಕಾದದ್ದು 80 ಮೈಲಿ ಮಾತ್ರ, ಮೂರೂಕಾಲು ಗಂಟೆ ದಾಟಿದೊಡನೆ ಬಂತು. ಗೆರೆ ನೈಋತ್ಯದಿಂದ ಈಶಾನ್ಯಕ್ಕೆ ಓರೆಯಾಗಿದ್ದರೆ ಅದರ ನಿಜವಾದ ವೇಗ 17 ಮೈಲಿ, ಬರಲು ಆರು ಗಂಟೆ. ಅಳತೆ ಒಂದೇ ಆದರೂ ಉತ್ತರ ಮೂರೂಕಾಲೂ ಆಗಬಹುದು, ಆರೂ ಆಗಬಹುದು. ಅದಕ್ಕೇ ಎರಡು ಊರು ಸಾಲದು. ಬದಿಗಿರುವ ಮೂರನೆಯ ಕೇಂದ್ರವೊಂದನ್ನು ಸೇರಿಸಿ ಗೆರೆಯ ಓರೆ ಗುರುತಿಸಿದ ಮೇಲೆಯೇ ಲೆಕ್ಕ ಹಾಕಬೇಕು. ಆಮೇಲೆ ಗಂಟೆಗೊಮ್ಮೆ ಹೊಸದಾಗುವ ಎಚ್‌ಆರ್‌ಆರ್‌ಆರ್ ಮಾದರಿ ಜೊತೆ ತಾಳೆ ನೋಡುತ್ತೇನೆ.

ಬೇಸ್ತುಬೀಳಿಸುವುದು ಗುಡುಗು ಮಳೆ ಉಗುಳಿದ ತಂಪು ಗಾಳಿ. ಅದೂ ಉತ್ತರದಿಂದಲೇ ನುಗ್ಗಬಹುದು, ಹತ್ತು ನಿಮಿಷದಲ್ಲಿ 15 ಡಿಗ್ರಿ ಇಳಿಸಬಹುದು. "ಫ್ರಂಟ್ ಬಂತು!" ಎಂದು ಎಲ್ಲರೂ ಸಂಭ್ರಮಿಸುತ್ತಾರೆ. ಡ್ಯೂ ಪಾಯಿಂಟ್ ನೋಡಿದರೆ ಇನ್ನೂ 68. ಎರಡು ಗಂಟೆಯಲ್ಲಿ ಗಾಳಿ ಮತ್ತೆ ದಕ್ಷಿಣದಿಂದ ಬೀಸಿ ಸೆಖೆ ವಾಪಸ್. ಪಶ್ಚಿಮ ಟೆಕ್ಸಸ್‌ನ ಡ್ರೈಲೈನ್ (ಒಣ ಗಾಳಿ ಮತ್ತು ತೇವದ ಗಾಳಿಯ ನಡುವಿನ ಗಡಿ) ಇದರ ತದ್ವಿರುದ್ಧ: ಡ್ಯೂ ಪಾಯಿಂಟ್ ಇಳಿಯುತ್ತದೆ, ತಾಪಮಾನ ಮಾತ್ರ ಏರುತ್ತದೆ.

ಮಳೆ ಎಷ್ಟು ಎಂಬುದಕ್ಕೆ ಫ್ರಂಟ್ ದಾಟುವ ಹೊತ್ತು ಮುಖ್ಯ. ಸಂಜೆ 4ರಿಂದ 8ರೊಳಗೆ ಬಂದರೆ ಕಾದ ತೇವದ ಗಾಳಿಯನ್ನು ಮೇಲೆತ್ತಿ ಸಾಲು ಗುಡುಗು ಮೋಡ ಕಟ್ಟುತ್ತದೆ. ಬೆಳಗಿನ ಜಾವ ಬಂದರೆ ಹೆಚ್ಚಾಗಿ ಗಾಳಿ, ತಗ್ಗು ಮೋಡ ಅಷ್ಟೆ. "40% ಮಳೆ" ಎಂದರೆ ನೀವಿರುವ ಜಾಗದಲ್ಲಿ ಆ ಅವಧಿಯಲ್ಲಿ ಅಳೆಯುವಷ್ಟು, ಕನಿಷ್ಠ 0.01 ಅಂಗುಲ ಬೀಳುವ ಸಾಧ್ಯತೆ. ದಿನದ 40% ಹೊತ್ತು ಸುರಿಯುತ್ತದೆ ಎಂದಲ್ಲ.

ದಾಟಿದ ನಂತರದ ಮೂರು ನಾಲ್ಕು ದಿನ ಬರೆಯುವುದು ಸುಲಭ. ಮೊದಲ ರಾತ್ರಿ ಗಾಳಿ ಬೀಸುತ್ತಲೇ ಇರುವುದರಿಂದ ತೀರಾ ತಣ್ಣಗಾಗುವುದಿಲ್ಲ. ಅಧಿಕ ಒತ್ತಡ ತಲೆಯ ಮೇಲೆ ಬಂದು ಗಾಳಿ ನಿಂತ ಎರಡನೇ ರಾತ್ರಿಯೇ ಹೆಚ್ಚು ತಂಪು. ಡೌನ್‌ಟೌನ್‌ನಲ್ಲಿ 64 ಇದ್ದರೆ ಡೆಂಟನ್ ಆಚೆಯ ತಗ್ಗು ಹೊಲಗಳಲ್ಲಿ 57 ಆಗುವುದುಂಟು. ಆ ಒತ್ತಡ ಪೂರ್ವಕ್ಕೆ ಸರಿದಂತೆ ಟೆಕ್ಸಸ್ ದಕ್ಷಿಣದ ಮೆಕ್ಸಿಕೋ ಕೊಲ್ಲಿ ಕಡೆಯ ತೇವ ವಾಪಸಾಗುತ್ತದೆ. ಹಾಗಾಗಿ ಬುಧವಾರದ ಫ್ರಂಟ್ ನಂಬಿ ಭಾನುವಾರಕ್ಕೆ ಹೊರಾಂಗಣ ಊಟ ಇಟ್ಟುಕೊಂಡರೆ ಮತ್ತೆ ಬೆವರಬೇಕಾದೀತು. ಶುಕ್ರವಾರ ಸಂಜೆ ಉತ್ತಮ.

ಕರ್ನಾಟಕದ ಕಡೆಗೆ ಇಂಥ ಫ್ರಂಟ್‌ಗಳು ಇಳಿಯುವುದಿಲ್ಲ. ಆದ್ದರಿಂದ ಊರಿನಿಂದ ಹೊಸದಾಗಿ ಬಂದವರಿಗೆ ಗಾಳಿಯ ಎಚ್ಚರಿಕೆ ಬಿಡಿಸಿ ಹೇಳಬೇಕಾಗುತ್ತದೆ. ಫ್ರಂಟಿನ ಬೆನ್ನಿಗೆ 30–35 ಮೈಲಿಯ ರಭಸ ಬರಬಹುದು. ಪಾರ್ಕಿಂಗ್ ಜಾಗದಲ್ಲಿ 10x10 ಅಡಿ ಕ್ಯಾನೊಪಿ ಹಾಕಿದ್ದರೆ ಪ್ರತಿ ಕಾಲಿಗೂ ಕನಿಷ್ಠ 40 ಪೌಂಡ್ ಭಾರ ಕಟ್ಟಿ. 25 ಮೈಲಿ ಮೀರುವ ಸೂಚನೆಯಿದ್ದರೆ ಹಾಕಲೇಬೇಡಿ. ರ‍್ಯಾಗ್‌ವೀಡ್ ಎಂಬ ಕಳೆಗಿಡದ ಪರಾಗದ ಕಾಲವೂ ಇದೇ. ಒಣ ಗಾಳಿ ಬಿಟ್ಟ ದಿನ ಸೀನು ಜಾಸ್ತಿಯಾದರೆ ಅದನ್ನು ಶೀತ ಎಂದುಕೊಳ್ಳಬೇಡಿ. ಕರಿಬೇವಿನ ಕುಂಡವನ್ನು ಮಾತ್ರ ಗಾಬರಿಯಾಗಿ ಒಳಗೆ ತರಬೇಕಿಲ್ಲ. ರಾತ್ರಿ ತಾಪಮಾನ 50ರ ಕೆಳಗೆ ಹೋಗುವ ಮುನ್ಸೂಚನೆ ಬರುವವರೆಗೆ ಅದು ಹೊರಗೇ ಇರಲಿ.